ಮೇಷ್ಟ್ರನ್ನು ಕೇಳಿ: ಆಫ್ರಿಕಾದ ಮಕ್ಕಳಿಗೆ ಲೆಕ್ಕ ಬರಲ್ವಾ?

ಪ್ರಶ್ನೆ: ಮೇಷ್ಟ್ರೇ, ಶಾಲಾ ಮಕ್ಕಳ ಅಂತಾರಾಷ್ಟ್ರೀಯ ಸ್ಪರ್ಧೆಯಾದ ಗಣಿತ ಒಲಿಂಪಿಯಾಡ್‌ನ ಪಟ್ಟಿಯಲ್ಲಿ ಆಫ್ರಿಕಾದ ದೇಶಗಳು ಮೇಲೆ ಕಾಣುವುದೇ ಅಪರೂಪ. ಅಲ್ಲಿ ಜಾಣ ಮಕ್ಕಳಿಲ್ಲವಾ?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಜಾಣ ಮಕ್ಕಳಿಲ್ಲದ ಊರು ಯಾವುದಿದೆ ಹೇಳಿ? ದಾವಣಗೆರೆ ಸುತ್ತಮುತ್ತ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟೆ. ಒಂದು ಸಲ ನಮ್ಮ ಶಾಲೆಗೆ ಒಲಿಂಪಿಯಾಡ್ ಪರೀಕ್ಷೆಯ ಸುತ್ತೋಲೆ ಬಂದಿತ್ತು. ಡ್ರಾಯರ್‌ನಲ್ಲೇ ಮಲಗಿತ್ತು. ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ಕೊನೇ ದಿನ ಕಳೆದು ನಾಲ್ಕು ದಿನ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಕೂರಿಸಬೇಕಿತ್ತು, ತಪ್ಪಿಹೋಯಿತು. ಆಫ್ರಿಕಾದ ಕಥೆಯೂ ಇದೇ, ಸ್ವಲ್ಪ ದೊಡ್ಡದು ಅಷ್ಟೆ.

ಅಂತಾರಾಷ್ಟ್ರೀಯ ಒಲಿಂಪಿಯಾಡ್ 1959ರಲ್ಲಿ ರೊಮೇನಿಯಾದಲ್ಲಿ ಶುರುವಾಯಿತು. ಆಫ್ರಿಕಾದ ನೆಲಕ್ಕೆ ಬಂದಿದ್ದು 2014ರಲ್ಲಿ, ಕೇಪ್‌ಟೌನ್‌ಗೆ. 55 ವರ್ಷ! ಸುಮ್ನೆ ಕೂತಿರಲಿಲ್ಲ ಅವರು. 1987ರಲ್ಲೇ ಮೊರಾಕೊದಲ್ಲಿ ತಮ್ಮದೇ ಪ್ಯಾನ್ ಆಫ್ರಿಕನ್ ಒಲಿಂಪಿಯಾಡ್ ಆರಂಭಿಸಿದರು. ಆದರೆ ಅಂತಾರಾಷ್ಟ್ರೀಯ ಸ್ಪರ್ಧೆಗೆ ಆರು ಮಕ್ಕಳವರೆಗಿನ ತಂಡ ಕಳಿಸಬೇಕು. ಅಲ್ಲಿ ಊಟ, ವಸತಿ ಆತಿಥೇಯರದ್ದು. ವಿಮಾನದ ಚಾರ್ಜು, ವೀಸಾ ಅವರವರದ್ದೇ.

ದುಡ್ಡಿಗಿಂತ ಜಾಸ್ತಿ ಕಾಡುವುದು ತರಬೇತಿ. ಸ್ಪರ್ಧೆಯಲ್ಲಿ ದಿನಕ್ಕೆ ನಾಲ್ಕೂವರೆ ಗಂಟೆ, ಬರೀ ಮೂರು ಪ್ರಶ್ನೆ. ಹೀಗೆ ಎರಡು ದಿನ. ಸೂತ್ರ ಉರು ಹೊಡೆದವರು ಪೆನ್ನು ಕಚ್ಚುತ್ತಾ ಕೂರಬೇಕಾಗುತ್ತದೆ. ಕೇಪ್‌ಟೌನ್‌ನಲ್ಲಿ 2003ರಿಂದ ಗಣಿತದ ಒಳ್ಳೆಯ ಸಂಸ್ಥೆಯೊಂದಿದೆ, ಏಮ್ಸ್ ಅಂತ (ನಮ್ಮ ದೆಹಲಿ ಆಸ್ಪತ್ರೆ ಅಲ್ಲ!). ಅದು ಡಿಗ್ರಿ ಮುಗಿಸಿದವರಿಗೆ. ಹದಿನಾಲ್ಕರ ಹುಡುಗ ಅಲ್ಲಿಯವರೆಗೆ ಕಾಯಬೇಕಾ? ನನ್ನ ಕೇಳಿದರೆ, ರಾಜಧಾನಿಯಲ್ಲಿ ಶಿಬಿರ ಮಾಡುವುದಕ್ಕಿಂತ ಹಳ್ಳಿ ಶಾಲೆಯ ಮೇಷ್ಟ್ರಿಗೆ ಮೊದಲು ಇಂಥ ಲೆಕ್ಕದ ರುಚಿ ಹತ್ತಿಸಬೇಕು. ಹಳೇ ಪ್ರಶ್ನೆಗಳು ಫ್ರೆಂಚ್, ಅರೇಬಿಕ್‌ನಲ್ಲೂ ಇಂಟರ್‌ನೆಟ್‌ನಲ್ಲಿ ಬಿಟ್ಟಿ ಸಿಗುತ್ತವೆ. ಕೂತು ಬಿಡಿಸಲು ಒಬ್ಬ ಜೊತೆಗಾರ ಬೇಕಲ್ವಾ?

ಆ ಹುಡುಗಿಗೆ ಪರೀಕ್ಷೆ ತಪ್ಪಿದ ವಾರ ಬೋರ್ಡಿನ ಮೇಲೆ 1ರಿಂದ 10ರವರೆಗೆ ಬರೆದೆ. ಯಾವುದಾದರೂ ಎರಡು ಅಳಿಸು, ಅವುಗಳ ವ್ಯತ್ಯಾಸ ಬರೆ. ಕೊನೆಗೆ ಒಂದೇ ಉಳಿಯುತ್ತೆ. ಅದು ಸೊನ್ನೆ ಆಗಬಹುದಾ? ಎಲ್ಲರೂ ಅಳಿಸಿ ಅಳಿಸಿ ಕೈಯೆಲ್ಲ ಸೀಮೆಸುಣ್ಣ ಮಾಡಿಕೊಂಡರು. ಇವಳು ಎದ್ದೇ ಬರಲಿಲ್ಲ. ಕೂತಲ್ಲಿಂದಲೇ, 'ಆಗಲ್ಲ ಸಾರ್. ಒಟ್ಟು 55, ಬೆಸ. ಪ್ರತಿ ಸಲ ಮೊತ್ತ ಇಳಿಯೋದು ಅಳಿಸಿದ ಚಿಕ್ಕ ಸಂಖ್ಯೆಯ ಎರಡರಷ್ಟು, ಅಂದರೆ ಸಮಸಂಖ್ಯೆಯಷ್ಟೇ. ಸಮ ಕಳೆದರೆ ಬೆಸ ಎಲ್ಲಿಗೆ ಹೋಗುತ್ತೆ?' ಅಂದಳು.