ಎಲೆ ತುದೀಲಿದ್ದ ಉಪ್ಪಿನಕಾಯಿ ಅಪ್ಪಾಜಿಗೆ ಕಾಣಲಿಲ್ಲ

ಪ್ರಶ್ನೆ: ನಮಸ್ತೆ ಮೇಡಂ, ನಮ್ಮ ಅಪ್ಪಾಜಿಗೆ 63 ವರ್ಷ, ಏಳು ತಿಂಗಳ ಹಿಂದೆ ಸ್ಟ್ರೋಕ್ ಆಯ್ತು. ಕೈಕಾಲು ಈಗ ಪರವಾಗಿಲ್ಲ, ಮಾತೂ ಸರಿ ಇದೆ, ಆದ್ರೆ ಎಡಗಡೆ ಏನಿದ್ರೂ ಗೊತ್ತಾಗಲ್ಲ, ಬಾಗಿಲ ಚೌಕಟ್ಟಿಗೆ ಭುಜ ಹೊಡ್ಕೋತಾನೇ ಇರ್ತಾರೆ. ಮೊನ್ನೆ ಗೃಹಪ್ರವೇಶದ ಊಟಕ್ಕೆ ಕೂತು ಉಪ್ಪು, ಉಪ್ಪಿನಕಾಯಿ ಬಡಿಸೇ ಇಲ್ವಲ್ಲಾ ಅಂದ್ರು, ಎರಡೂ ಎಲೆಯ ಎಡತುದೀಲೇ ಇತ್ತು, ನಂಗೆ ಅಳು ಬಂದ್ಬಿಡ್ತು. ಎಡಗಣ್ಣು ಹೋಗಿದೆ ಅಂದ್ಕೊಂಡು ಎರಡು ಸಲ ಕನ್ನಡಕ ಬದಲಾಯಿಸಿದ್ವಿ, ಏನೂ ಪ್ರಯೋಜನ ಆಗ್ಲಿಲ್ಲ. ಪ್ರಿಸಂ ಕನ್ನಡಕ ಅಂತ ಇದೆಯಂತೆ, ಹಾಕಿದ್ರೆ ಎಡಗಡೆ ಕಾಣುತ್ತಾ? ಸ್ಕೂಟರ್ ಓಡಿಸಬಹುದಾ?
– ಓದುಗರು, ಸಾಗರ

ಉತ್ತರ: ಮೊದಲು ಮನೇಲೇ ಒಂದು ಪರೀಕ್ಷೆ ಮಾಡಿ ನೋಡಮ್ಮ. ಅಪ್ಪಾಜಿ ಎದುರಿಗೆ ಕೂತ್ಕೊಂಡು, ಅವರ ಎಡಗಣ್ಣು ಮುಚ್ಚಿಸಿ, ನನ್ನ ಮೂಗನ್ನೇ ನೋಡ್ತಿರಿ ಅಂತ ಹೇಳಿ, ಅವರ ಎಡಗಡೆ ಬೆರಳು ಅಲ್ಲಾಡಿಸಿ. ಆಮೇಲೆ ಬಲಗಣ್ಣು ಮುಚ್ಚಿಸಿ ಅದನ್ನೇ ಮಾಡಿ. ಎರಡು ಸಲಾನೂ ಕಾಣಲ್ಲ ಅಂದ್ರೆ ಹೋಗಿರೋದು ಎಡಗಣ್ಣಲ್ಲ, ಎರಡೂ ಕಣ್ಣಿನ ಎಡ ಅರ್ಧ. ಎಡಗಡೆಯ ನೋಟ ಎರಡೂ ಕಣ್ಣಿಂದ ಮಿದುಳಿನ ಬಲಭಾಗಕ್ಕೆ ಹೋಗುತ್ತೆ, ಅಲ್ಲಿ ಹಿಂಬದಿಗೆ ರಕ್ತ ಹೋಗೋದು ನಿಂತ್ರೆ ಕಣ್ಣು ಚೆನ್ನಾಗಿದ್ರೂ ಅರ್ಧ ಪ್ರಪಂಚ ಕಾಣಲ್ಲ. ಹೆಮಿಯಾನೋಪಿಯ ಅಂತಾರೆ ಇದಕ್ಕೆ. ಅದಕ್ಕೇ ಕನ್ನಡಕದ ಪವರ್ ಎಷ್ಟು ಬದಲಾಯಿಸಿದ್ರೂ ಉಪಯೋಗ ಆಗಿಲ್ಲ. ತಾನಾಗೇ ಸುಧಾರಿಸೋದು ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ, ಏಳು ತಿಂಗಳಾಗಿದೆ ಅಂದ್ರೆ ಈಗ ಇರೋ ನೋಟದಲ್ಲೇ ದಾರಿ ಹುಡುಕಬೇಕು.

ನೀವು ಕೇಳಿರೋ ಪ್ರಿಸಂ ಕನ್ನಡಕವನ್ನ ರೂಪಿಸಿದವರು ಅಮೆರಿಕದ ಬೋಸ್ಟನ್‌ನ ಶೆಪೆನ್ಸ್ ಕಣ್ಣಿನ ಸಂಶೋಧನಾ ಸಂಸ್ಥೆಯ ಎಲಿ ಪೆಲಿ, 2000ದಲ್ಲಿ ಅದರ ವಿವರ ಪ್ರಕಟಿಸಿದ್ರು. ಪ್ರಿಸಂ ಅಂದ್ರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇರೋ ಗಾಜು, ಅದರ ಮೂಲಕ ನೋಡಿದ ವಸ್ತು ತೆಳು ಕಡೆಗೆ ಸರಿದ ಹಾಗೆ ಕಾಣುತ್ತೆ. ಅಪ್ಪಾಜಿಗಾದ್ರೆ ಎಡಗಾಜಿಗೆ ಮಾತ್ರ, ದಪ್ಪ ಭಾಗ ಎಡಕ್ಕೆ ಬರೋ ಹಾಗೆ, ಮೇಲೊಂದು ಕೆಳಗೊಂದು ಪಟ್ಟಿ ಕೂರಿಸ್ತಾರೆ, ನಡುವೆ ಸುಮಾರು 12 ಮಿಲಿಮೀಟರ್ ಖಾಲಿ ಬಿಡ್ತಾರೆ. ನೇರ ನೋಡೋದು ಯಾವಾಗ್ಲೂ ಆ ಖಾಲಿ ಜಾಗದಿಂದ. ಎಡಗಡೆಯಿಂದ ಆಟೋ ಬಂದ್ರೆ ಅದರ ಮಸುಕು ಬಿಂಬ ಪಟ್ಟಿ ಮೂಲಕ ಬಲಕ್ಕೆ, ಅಂದ್ರೆ ಕಾಣೋ ಅರ್ಧಕ್ಕೆ ಸರಿದು ಬರುತ್ತೆ. ಓ ಏನೋ ಇದೆ ಅಂತ ಗೊತ್ತಾದ ತಕ್ಷಣ ಕತ್ತು ಎಡಕ್ಕೆ ತಿರುಗಿಸಿ ಖಾಲಿ ಜಾಗದಿಂದ ಸರಿಯಾಗಿ ನೋಡ್ಕೋಬೇಕು, ಇಷ್ಟೇ ಅದರ ಕೆಲಸ, ಹೋದ ನೋಟವನ್ನ ವಾಪಸ್ ಕೊಡಲ್ಲ, ಬಾಗಿಲಲ್ಲಿ ನಿಂತು ಯಾರೋ ಬಂದ್ರು ಅಂತ ಕೂಗಿ ಹೇಳೋ ಮನೆಯವರ ಥರ ಅದು.

ಪ್ರಿಸಂನ ಶಕ್ತಿಯನ್ನ ಡಯಾಪ್ಟರ್‌ನಲ್ಲಿ ಅಳೀತಾರೆ, 40 ಡಯಾಪ್ಟರ್ ಪ್ರಿಸಂ ಸುಮಾರು 20 ಡಿಗ್ರಿ, 57 ಡಯಾಪ್ಟರ್‌ದು ಸುಮಾರು 30 ಡಿಗ್ರಿಯಷ್ಟು ಎಡಗಡೆಯ ಸುಳಿವು ಕೊಡುತ್ತೆ. ಆದ್ರೆ ಎಲ್ಲರಿಗೂ ಒಗ್ಗಲ್ಲ ಇದು, ಅದನ್ನ ಮುಚ್ಚಿಡೋಕೆ ನಂಗೆ ಇಷ್ಟ ಇಲ್ಲ. 2014ರಲ್ಲಿ ಬಂದ ಒಂದು ಅಧ್ಯಯನದಲ್ಲಿ 61 ಜನಕ್ಕೆ ನಿಜವಾದ ಪ್ರಿಸಂ ಒಮ್ಮೆ, ಪವರ್ ಇಲ್ಲದಷ್ಟು ಕಮ್ಮಿ ಇರೋ ಪ್ರಿಸಂ ಒಮ್ಮೆ ಕೊಟ್ಟು ನೋಡಿದ್ರು, ನಿಜವಾದದ್ದನ್ನ ಮುಂದಕ್ಕೂ ಬೇಕು ಅಂದವರು ನೂರಕ್ಕೆ 64, ಇನ್ನೊಂದನ್ನ ಆರಿಸಿದವರು 36. ತಲೆನೋವು ಬರಬಹುದು, ಒಂದೇ ವಸ್ತು ಎರಡಾಗಿ ಕಾಣಬಹುದು. ಅದಕ್ಕೆ ಮೊದಲೇ ದುಡ್ಡು ಸುರಿದು ಪರ್ಮನೆಂಟ್ ಲೆನ್ಸ್ ಮಾಡಿಸಬೇಡಿ. ಫ್ರೆನೆಲ್ ಪ್ರಿಸಂ ಅಂತ ತೆಳು ಪ್ಲಾಸ್ಟಿಕ್ ಹಾಳೆ ಬರುತ್ತೆ, ಇರೋ ಕನ್ನಡಕಕ್ಕೇ ನೀರು ಹಚ್ಚಿ ಅಂಟಿಸೋದು, ಒಗ್ಗದಿದ್ರೆ ಕಿತ್ತರೆ ಆಯ್ತು. ಅದರ ಸಣ್ಣ ಗೀರುಗಳಲ್ಲಿ ಧೂಳು ಕೂರುತ್ತೆ, ಮೆತ್ತನೆ ಬ್ರಶ್ಶಲ್ಲಿ ಸೋಪಿನ ನೀರು ಹಾಕಿ ತೊಳೀಬೇಕು. ಸ್ವಲ್ಪ ದಿನ ನೋಡಿ ಒಗ್ಗಿದ್ರೆ ಆಮೇಲೆ ಪರ್ಮನೆಂಟ್. ಓದೋ ಕನ್ನಡಕ ಬೇರೇನೇ ಇಟ್ಕೊಳ್ಳಿ.

ಅಭ್ಯಾಸ ಬೇಕೇ ಬೇಕು. ಮೊದಲ ದಿನ ಪಟ್ಟೀಲಿ ಕಂಡ ಲೋಟಕ್ಕೆ ಕೈ ಹಾಕಿದ್ರೆ ಲೋಟ ಅಲ್ಲಿರಲ್ಲ, ಇನ್ನೂ ಎಡಕ್ಕೆ ಇರುತ್ತೆ. ಕೂತಲ್ಲೇ ಕೈ ಚಾಚಿ ಮುಟ್ಟೋದು, ಆಮೇಲೆ ಹಾಲ್‌ನಲ್ಲಿ ಓಡಾಟ, ಕೊನೆಗೆ ಬೀದಿ. ಮೆಟ್ಟಿಲಿಳಿಯುವಾಗ ನೀವು ಎಡಗಡೆ ಜೊತೆಗಿರಿ, ಕೆಳಗಿನ ಪಟ್ಟಿ ಕಾಲ ಹತ್ರ ಗೊಂದಲ ಮಾಡುತ್ತೆ.

ಇನ್ನೊಂದು ವಿಷಯ ನನ್ನನ್ನ ಕಾಡ್ತಿದೆ, ಆ ಉಪ್ಪಿನಕಾಯಿ. ಬರೀ ಅರ್ಧ ನೋಟ ಹೋದವರು ಏಳು ತಿಂಗಳಾಗೋ ಹೊತ್ತಿಗೆ ಸಾಮಾನ್ಯವಾಗಿ ಕತ್ತು ತಿರುಗಿಸಿ ಹುಡುಕೋಕೆ ಕಲ್ತಿರ್ತಾರೆ. ಎಡಗಡೆ ಅನ್ನೋದು ಇದೆ ಅಂತಲೇ ಮಿದುಳು ಮರೆತುಬಿಟ್ಟಿದ್ರೆ ಅದು ನೆಗ್ಲೆಕ್ಟ್, ಬೇರೆ ತೊಂದರೆ, ಎರಡೂ ಒಟ್ಟಿಗೂ ಇರಬಹುದು. ಗಡಿಯಾರದ ಚಿತ್ರ ಬರೆಯೋಕೆ ಹೇಳಿ, ಎಲ್ಲಾ ಅಂಕಿ ಬಲಗಡೇನೇ ತುಂಬಿದ್ರೆ ಆ ಹಾಳೆಯನ್ನ ಡಾಕ್ಟರಿಗೆ ತೋರಿಸಿ. ನೆಗ್ಲೆಕ್ಟ್ ಇದ್ರೆ ಈ ಕನ್ನಡಕದಿಂದ ಹೆಚ್ಚು ಉಪಯೋಗ ಆಗಲ್ಲ, ಮೊದಲು ಅದಕ್ಕೆ ಥೆರಪಿ ಆಗ್ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗದವರ ಪುನಶ್ಚೇತನ ವಿಭಾಗ ಇದೆ. ಕನ್ನಡಕದ ವಿಷಯಕ್ಕೆ ಲೋ ವಿಷನ್ ಕ್ಲಿನಿಕ್ (ನೋಟ ಕಮ್ಮಿ ಆದವರಿಗೆ ನೆರವಾಗೋ ವಿಭಾಗ) ಇರೋ ಕಣ್ಣಾಸ್ಪತ್ರೆಗೇ ಹೋಗಿ, ಯಾವ ಕಡೆ ಎಷ್ಟು ಕಾಣುತ್ತೆ ಅಂತ ಅಳೆಯೋ ಫೀಲ್ಡ್ ಟೆಸ್ಟ್ ರಿಪೋರ್ಟ್ ತಪ್ಪದೇ ತಗೊಂಡು ಹೋಗಿ.

ಸ್ಕೂಟರ್ ಬೇಡ. ಕನ್ನಡಕ ಹಾಕ್ಕೊಂಡ್ರೂ ಬೇಡ. ಅಪ್ಪಾಜಿಗೆ ಬೇಜಾರಾಗುತ್ತೆ ನಂಗೊತ್ತು, ಆದ್ರೂ ಕೀಲಿ ನಿಮ್ಮ ಹತ್ರಾನೇ ಇರಲಿ. ಪೇಪರ್ ಓದುವಾಗ ಸಾಲಿನ ಶುರು ಸಿಗ್ತಿಲ್ಲ ಅಂದ್ರೆ ಎಡಗಡೆ ಅಂಚಿಗೆ ಕೆಂಪು ಸ್ಕೇಲ್ ಇಟ್ಟುಕೊಡಿ, ಕೆಂಪು ಕಾಣೋವರೆಗೂ ಕಣ್ಣು ತಿರುಗಿಸ್ಬೇಕು ಅಂತ ಹೇಳಿ. ಊಟಕ್ಕೆ ಕೂತಾಗ ಎಲೆಯನ್ನ ಸ್ವಲ್ಪ ಬಲಕ್ಕೆ ಸರಿಸಿ ಹಾಕಿ.

ಪ್ರಶ್ನೆ: ನಮ್ಮಣ್ಣನಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ, ಸುತ್ತಲೂ ಕಾಣಲ್ಲ, ನಡುವೆ ಮಾತ್ರ ಕಾಣುತ್ತೆ. ಅವನಿಗೂ ಪ್ರಿಸಂ ಆಗುತ್ತಾ?
– ಓದುಗರು, ಗದಗ

ಉತ್ತರ: ಮೇಲೆ ಹೇಳಿದ ಕನ್ನಡಕಕ್ಕೆ ಬಿಂಬ ತಂದು ಹಾಕೋಕೆ ಚೆನ್ನಾಗಿ ಕಾಣೋ ಒಂದು ಅರ್ಧ ಬೇಕು. ನಿಮ್ಮಣ್ಣನಿಗೆ ಸುತ್ತಲೂ ಹೋಗಿರೋದ್ರಿಂದ ಅದು ಸರಿಹೋಗಲ್ಲ. ಬಿಳಿ ಕೋಲು ಹಿಡಿದು ನಡೆಯೋ ತರಬೇತಿ ಕೊಡಿಸಿ, ರಾತ್ರಿಗೆ ಅಗಲವಾಗಿ ಬೆಳಕು ಬೀಳೋ ಟಾರ್ಚ್ ಕೊಡಿ. ಕೋಲು ಹಿಡಿಯೋಕೆ ನಾಚಿಕೊಂಡ್ರೆ ಮೊದಲು ಸಂಜೆ ಹೊತ್ತು ನಿಮ್ಮ ಬೀದೀಲೇ, ನೀವೂ ಜೊತೆಗೆ ನಡೆದು ಶುರು ಮಾಡಿ.