ಫೆನ್ಸ್ ಅಲ್ಲಾಡತ್ತೆ ಅಂತ ಟೇಬಲ್ ಸಾ ಬಿಡ್ಬೇಕಾ?

ಪ್ರಶ್ನೆ: ಸಾರ್, ಮರಗೆಲಸ ನಂಗೆ ಹವ್ಯಾಸ ಅಷ್ಟೆ, ರಜಾ ದಿನ ಸ್ಟೂಲು ಕಪಾಟು ಅಂತ ಏನಾದ್ರೂ ಮಾಡ್ತಿರ್ತೀನಿ. ಒಬ್ರು ವರ್ಕ್‌ಶಾಪ್ ಮುಚ್ತಿದಾರೆ, ಅವರ ಹತ್ರ 10 ಇಂಚು ಬ್ಲೇಡಿನ ಹಳೇ ಟೇಬಲ್ ಸಾ (ಮೇಜಿನ ಮಧ್ಯೆ ಬ್ಲೇಡ್ ಎದ್ದಿರೋ ಗರಗಸ) ಇದೆ. ಟೇಬಲ್ ಬೀಡು ಕಬ್ಬಿಣದ್ದು, ಮೇಲೆಲ್ಲ ತುಕ್ಕು, ಫೆನ್ಸ್, ಅಂದ್ರೆ ಮರ ಒರಗಿಸಿ ನೇರ ತಳ್ಳೋ ಉದ್ದ ಪಟ್ಟಿ, ಲಾಕ್ ಮಾಡಿದ್ರೂ ಹಿಂದಿನ ತುದಿ ಅಲ್ಲಾಡತ್ತೆ. ಫ್ರೆಂಡು ಬೇಡ ಬಿಡು ಅಂತಾನೆ. ತಗೊಳ್ಲಾ? ಫೆನ್ಸ್ ಬದಲಾಯಿಸೋದಾದ್ರೆ ಎಂಥದ್ದು ಹಾಕ್ಲಿ?

ಉತ್ತರ: ನೀವು ಹೇಳಿರೋ ಎರಡು ತೊಂದರೇನೂ ಸರಿ ಮಾಡ್ಕೋಬಹುದು, ಆದ್ರೆ ನೀವು ನೋಡ್ಬೇಕಾದ್ದನ್ನ ಇನ್ನೂ ನೋಡಿಲ್ಲ ಅನ್ಸತ್ತೆ. ಮೇಲ್ಮೈ ತುಕ್ಕು ಎಣ್ಣೆ ಹಾಕಿ ಉಜ್ಜಿದ್ರೆ ಹೋಗತ್ತೆ, ಫೆನ್ಸು ಬಿಚ್ಚಿ ಬೇರೆ ಹಾಕ್ಬಹುದು, ಆದ್ರೆ ಬ್ಲೇಡ್ ಕೂರೋ ಶಾಫ್ಟು, ಅಂದ್ರೆ ಆರ್ಬರ್, ಬಗ್ಗಿದ್ರೆ ಅಥವಾ ಅದನ್ನ ಹೊತ್ತಿರೋ ಎರಕದ ಭಾಗ ಬಿರುಕು ಬಿಟ್ಟಿದ್ರೆ ಹಳೇ ಮಷೀನಿಗೆ ಸ್ಪೇರ್ ಹುಡುಕೋದ್ರಲ್ಲೇ ವರ್ಷ ಕಳ್ದು ಹೋಗತ್ತೆ.

ಮೊದ್ಲು ಪ್ಲಗ್ ಕಿತ್ತು ಬ್ಲೇಡ್ ಹಿಡ್ಕೊಂಡು ಮೇಲೆ ಕೆಳಗೆ, ಅಕ್ಕಪಕ್ಕ ಅಲ್ಲಾಡ್ಸಿ, ಆಟ ಇರಬಾರ್ದು. ಕೈಯಲ್ಲೇ ತಿರುಗಿಸಿದಾಗ ಗರಗರ ಅಂದ್ರೆ ಬೇರಿಂಗ್ ಹೋಗಿದೆ, ಅದೇನು ದೊಡ್ಡ ವಿಷಯ ಅಲ್ಲ, ಬೇರಿಂಗ್ ಬದಲಾಯಿಸ್ಬಹುದು, ಆದ್ರೆ ವ್ಯಾಪಾರಕ್ಕೆ ಒಂದು ನೆಪ ಸಿಗತ್ತೆ. ಬ್ಲೇಡನ್ನ ಪೂರ್ತಿ ಮೇಲೆತ್ತಿ, 45 ಡಿಗ್ರಿ ವಾಲಿಸಿ ವಾಪಸ್ ತನ್ನಿ. ಹ್ಯಾಂಡಲ್ ಬಿಗಿ ಇದ್ರೆ ಒಳಗಿನ ಗೇರ್ ಹಲ್ಲುಗಳ ಸಂದೀಲಿ ಹೊಟ್ಟು, ಮರದ ಅಂಟು ಗಟ್ಟಿಯಾಗಿ ಕೂತಿರತ್ತೆ, ಬ್ರಷ್ ಹಾಕಿ ಕ್ಲೀನ್ ಮಾಡಿದ್ರೆ ಆಯ್ತು. ಗೇರಿನ ಹಲ್ಲೇ ಮುರಿದಿದ್ರೆ ಕೈ ಮುಗಿದು ಬನ್ನಿ. ಒಂದು ನೇರ ಪಟ್ಟಿ ತಗೊಂಡ್ಹೋಗಿ ಟೇಬಲ್ ಮೇಲೆ ಮೂಲೆಯಿಂದ ಮೂಲೆಗೆ ಇಟ್ಟು ಕೆಳಗಿಂದ ಬೆಳಕು ಬರ್ತಿದ್ಯಾ ನೋಡಿ. ಇನ್ನೊಂದು, ಮೋಟಾರ್ ಪ್ಲೇಟ್ ಓದಿ, ವರ್ಕ್‌ಶಾಪಿನ ಮಷೀನು ತ್ರೀ ಫೇಸ್ ಇರ್ಬಹುದು, ಮನೇಲಿ ಸಿಂಗಲ್ ಫೇಸ್ ಇಟ್ಕೊಂಡು ಆಮೇಲೆ ಒದ್ದಾಡಬೇಕಾಗತ್ತೆ. ಹಳೇ ಮಷೀನುಗಳಲ್ಲಿ ಬ್ಲೇಡ್ ಹಿಂದೆ ಅದರ ಜೊತೆಗೇ ಏರಿಳಿಯೋ ರೈವಿಂಗ್ ನೈಫ್ (ಸೀಳಿದ ಸಂದು ಮುಚ್ಚಿ ಬ್ಲೇಡನ್ನ ಹಿಡಿಯದ ಹಾಗೆ ತಡೆಯೋ ತಗಡು) ಎಷ್ಟೋ ಸಲ ಇರಲ್ಲ, ಆಮೇಲೆ ಜೋಡ್ಸೋದೂ ಕಷ್ಟ, ಕನಿಷ್ಠ ಅದೇ ಕೆಲಸದ ಒಂದು ಸ್ಪ್ಲಿಟರ್ ಆದ್ರೂ ಹಾಕ್ಕೊಳ್ಳಿ. ಇದನ್ನ ಆಮೇಲೆ ನೋಡಣ ಅಂತ ಮುಂದೆ ಹಾಕ್ಬೇಡಿ.

ಈಗ ಫೆನ್ಸು. ಹಳೇ ಫೆನ್ಸ್‌ಗಳಲ್ಲಿ ಎಷ್ಟೋ ಮುಂದೆ ಹಿಂದೆ ಎರಡೂ ಕಡೆ ಕಚ್ಚೋವು, ಲಾಕ್ ಮಾಡೋವಾಗ ಒಂದು ತುದಿ ಮೊದ್ಲು ಕಚ್ಚಿ ಇನ್ನೊಂದು ಓರೆ ಆಗ್ಬಿಡತ್ತೆ, ಪ್ರತಿ ಸಲಾನೂ ಟೇಪ್ ಹಿಡಿದು ಎರಡೂ ಕಡೆ ಅಳೀಬೇಕು. ನನ್ನ ವೋಟು ಟಿ-ಸ್ಕ್ವೇರ್ ಮಾದರಿಗೆ, ಅಮೆರಿಕದ ಬಿಲ್ ಬೀಸ್‌ಮೇಯರ್ ಚಾಲ್ತಿಗೆ ತಂದದ್ದು, ಈಗ ಎಷ್ಟೋ ಕಂಪನಿಗಳು ಅದೇ ಥರ ಮಾಡ್ತವೆ. ಟೇಬಲ್ಲಿನ ಮುಂದಿನ ಅಂಚಿಗೆ ಕೂರೋ ರೈಲನ್ನ ಮಾತ್ರ ಗಟ್ಟಿ ಹಿಡಿಯತ್ತೆ, ಟಿ ಆಕಾರದ ತಲೆ ಅಗಲ ಇರೋದ್ರಿಂದ ತಾನಾಗೇ ನೇರ ಕೂರತ್ತೆ. ತಗೊಳ್ಳೋ ಮೊದ್ಲು ಲಾಕ್ ಮಾಡಿ ಹಿಂದಿನ ತುದೀನ ಬೆರಳಲ್ಲಿ ತಳ್ಳಿ ನೋಡಿ, ಬಿಚ್ಚಿ ಮತ್ತೆ ಲಾಕ್ ಮಾಡಿ ಅದೇ ಜಾಗಕ್ಕೆ ಬರತ್ತಾ ಅಳೀರಿ, ಹೀಗೆ ನಾಲ್ಕೈದು ಸಲ.

ರೈಲು ಉದ್ದ ಇದ್ದಷ್ಟೂ ಒಳ್ಳೇದು ಅಂತ ಫೆನ್ಸು ಬ್ಲೇಡಿಂದ 52 ಇಂಚು ದೂರ ಹೋಗೋ ಸೆಟ್ಟು ತಗೋಬೇಡಿ, ಜಾಗ ಇದ್ದೋರ ಮಾತು ಅದು. 8 ಅಡಿ 4 ಅಡಿ ಪ್ಲೈವುಡ್‌ನ ಉದ್ದಕ್ಕೆ ಮಧ್ಯ ಸೀಳಿದ್ರೂ ಬ್ಲೇಡಿಂದ ಫೆನ್ಸಿಗೆ 24 ಇಂಚು, 30 ಇಂಚಿನ ಸೆಟ್ಟು ನಿಮಗೆ ಧಾರಾಳ. ರೈಲಿನ ತೂತು ನಿಮ್ಮ ಟೇಬಲ್ಲಿಗೆ ಹೊಂದ್ಲಿಲ್ಲ ಅಂದ್ರೆ ಹೊಸ ತೂತು ಹೊಡೀರಿ, ಬೀಡು ಎಣ್ಣೆ ಇಲ್ದೇನೂ ಸಲೀಸಾಗಿ ಡ್ರಿಲ್ ಆಗತ್ತೆ.

ಪ್ರಶ್ನೆ: ಹೊಸ ಫೆನ್ಸ್ ಹಾಕಿದ್ಮೇಲೂ ಸೀಳೋವಾಗ ಮರದ ಅಂಚು ಸುಟ್ಟು ಕಪ್ಪಾಗತ್ತೆ, ಮೊನ್ನೆ ಒಂದು ಹಲಗೆ ವಾಪಸ್ ಎಗರಿ ಹೊಟ್ಟೆಗೆ ಬಡೀತು. ಬ್ಲೇಡ್ ಹೊಸದೇ.

ಉತ್ತರ: ಅಯ್ಯೋ, ಮೊದ್ಲು ಮಷೀನು ನಿಲ್ಸಿ. ಫೆನ್ಸಿನ ಹಿಂದಿನ ತುದಿ ಬ್ಲೇಡ್ ಕಡೆ ವಾಲಿರ್ಬೇಕು, ಹಂಗಾದ್ರೆ ಮರ ಎರಡರ ಮಧ್ಯೆ ಸಿಕ್ಕಿಕೊಂಡು ಬ್ಲೇಡಿನ ಹಿಂಭಾಗದ ಹಲ್ಲು ಅದನ್ನ ಎತ್ತಿ ನಿಮ್ಮ ಕಡೆಗೇ ಎಸೆಯತ್ತೆ. ಆದ್ರೆ ಫೆನ್ಸ್ ಮುಟ್ಟೋ ಮುಂಚೆ ಬ್ಲೇಡ್ ನೋಡಿ. ಪ್ಲಗ್ ಕಿತ್ತು ಒಂದು ಹಲ್ಲಿಗೆ ಮಾರ್ಕರಲ್ಲಿ ಗುರುತು ಹಾಕಿ, ಟೇಬಲ್ ಮೇಲಿನ ಮೈಟರ್ ಸ್ಲಾಟಿಂದ (ಬ್ಲೇಡಿನ ಪಕ್ಕ ಉದ್ದಕ್ಕೆ ಕೊರೆದಿರೋ ಸಂದು) ಆ ಹಲ್ಲಿಗೆ ಎಷ್ಟು ದೂರ ಅಂತ ಮುಂದೆ ಅಳೀರಿ, ಬ್ಲೇಡ್ ತಿರುಗಿಸಿ ಅದೇ ಹಲ್ಲನ್ನ ಹಿಂದಕ್ಕೆ ತಂದು ಮತ್ತೆ ಅಳೀರಿ. ಬೇರೆ ಬೇರೆ ಹಲ್ಲು ಅಳೆದ್ರೆ ಬ್ಲೇಡಿನ ಸೊಟ್ಟ ಕೂಡ ಲೆಕ್ಕಕ್ಕೆ ಸೇರಿ ತಲೆ ಕೆಡತ್ತೆ. ಎರಡು ಅಳತೆ ಒಂದೇ ಬಂದ್ಮೇಲೆ ಫೆನ್ಸನ್ನ ಅದೇ ಸ್ಲಾಟಿಗೆ ಸಮ ಮಾಡಿ. ಹಿಂದೆ ಒಂದು ಕೂದಲೆಳೆಯಷ್ಟು ದೂರ ಹೋದ್ರೂ ಪರ್ವಾಗಿಲ್ಲ, ಹತ್ರ ಮಾತ್ರ ಬರಬಾರ್ದು. ಗಟ್ಟಿ ಮರ ಸೀಳೋವಾಗ ಸೀಳಿದ ತುಂಡು ಹೊರಕ್ಕೆ ಬಾಗೋದೂ ಉಂಟು, ಅದಕ್ಕೆ ಫೆನ್ಸಿಗೆ ಒಂದು ಗಿಡ್ಡ ಹಲಗೆ ಕಟ್ಟಿ, ಅದು ಬ್ಲೇಡಿನ ಮಧ್ಯಕ್ಕೆ ಮುಗೀಲಿ, ಆಗ ತುಂಡಿಗೆ ಬಾಗೋಕೆ ಜಾಗ ಇರತ್ತೆ. ಮತ್ತೆ ಬ್ಲೇಡಿನ ನೇರಕ್ಕೆ ನಿಂತ್ಕೋಬೇಡಿ, ಒಂದು ಪಕ್ಕಕ್ಕೆ ಸರೀರಿ, ಹೊಟ್ಟೆಗೆ ಬಿದ್ದ ಏಟು ಒಂದೇ ಸಾಕು.