ಜಿಂಕ್ ಆಕ್ಸೈಡ್ ಪದರ ಗಾಜಿಗೆ ಹಿಡಿಯುತ್ತಿಲ್ಲವೇ?

ಗಾಜಿನ ಮೇಲೆ ಜಿಂಕ್ ಆಕ್ಸೈಡ್ ಬೆಳೆಸಲು ಮಾಡಿದ 0.1 ಮೋಲಾರ್ (ಲೀಟರಿಗೆ 0.1 ಮೋಲ್) ದ್ರಾವಣ ಬಿಸಿಯಾಗುತ್ತಲೇ ಹಾಲಿನಂತಾಯಿತು, ಗಾಜಿನ ಬಿಳಿ ಪದರ ಬೆರಳಿಟ್ಟರೆ ಅಳಿಸಿತು ಅಂದಿದ್ದೀರಿ. ಅದು ಗಾಜಿನ ಮೇಲೆ ಬೆಳೆದದ್ದಲ್ಲ, ನೀರಿನೊಳಗೇ ಹುಟ್ಟಿ ಕೆಳಗೆ ಕೂತ ಪುಡಿ. ದ್ರಾವಣ ತೀರಾ ಗಟ್ಟಿ, ಗಾಜು ಬರಿಗಾಜು. ಹರಳು ಅದನ್ನು ಹುಡುಕಿಕೊಂಡು ಹೋಗಲು ಕಾರಣವೇ ಇರಲಿಲ್ಲ.

ಮೊದಲು ಬೀಜದ ಪದರ ಹಾಕಿ, ಅಂದರೆ ಹರಳು ಬೆಳೆಯಲು ನೆಲೆಯಾಗುವ ಸಣ್ಣ ಕಣಗಳ ತೆಳು ಲೇಪ. ಗಾಜನ್ನು ಎಷ್ಟು ತೊಳೆಯಬೇಕೆಂದರೆ, ಮೇಲೆ ಸುರಿದ ನೀರು ಹನಿಯೊಡೆಯದೆ ಇಡೀ ಹಾಳೆಯಾಗಿ ಹರಡಬೇಕು. 50 ಮಿಲಿ ಎಥನಾಲ್‌ನಲ್ಲಿ 0.11 ಗ್ರಾಂ ಜಿಂಕ್ ಅಸಿಟೇಟ್ ಡೈಹೈಡ್ರೇಟ್ ಕರಗಿಸಿ. ಗಾಜಿನ ಮೇಲೆ ಹನಿಸಿ, ಹತ್ತು ಸೆಕೆಂಡ್ ಬಿಟ್ಟು ಬರೀ ಎಥನಾಲ್‌ನಿಂದ ತೊಳೆದು ಒಣಗಿಸಿ. ಹೀಗೆ ನಾಲ್ಕೈದು ಸಲ. ಎಥನಾಲ್ ಪೂರ್ತಿ ಆರಿದ ಮೇಲೆಯೇ ಕುಲುಮೆ: 350 ಡಿಗ್ರಿ, 20 ನಿಮಿಷ. ಒಳಗೇ ತಣ್ಣಗಾಗಲಿ, ಬಿಸಿಯಲ್ಲಿ ತೆಗೆದರೆ ಗಾಜು ಸೀಳುತ್ತದೆ.

ಬೆಳೆಸುವ ದ್ರಾವಣಕ್ಕೆ 0.74 ಗ್ರಾಂ ಜಿಂಕ್ ನೈಟ್ರೇಟ್ ಹೆಕ್ಸಾಹೈಡ್ರೇಟ್, 0.35 ಗ್ರಾಂ ಹೆಕ್ಸಮೀನ್. ಬೇರೆಬೇರೆಯಾಗಿ ತಲಾ 50 ಮಿಲಿ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ, ತಣ್ಣಗಿರುವಾಗಲೇ ಬೆರೆಸಿ. ಎರಡೂ 25 ಮಿಲಿಮೋಲಾರ್ (0.025 ಮೋಲಾರ್) ಆಗುತ್ತವೆ. ನೀರನ್ನು ಮೊದಲೇ ಕುದಿಸಿ ಆರಿಸಿಟ್ಟಿರಬೇಕು. ಇಲ್ಲದಿದ್ದರೆ ಕರಗಿದ ಗಾಳಿ ಗುಳ್ಳೆಯಾಗಿ ಗಾಜಿಗಂಟಿ, ಪದರದಲ್ಲಿ ದುಂಡನೆಯ ಬೋಳು ಕಲೆ ಬಿಡುತ್ತದೆ. ಬೀಜದ ಮುಖ ಕೆಳಗೆ ಬರುವಂತೆ ಗಾಜನ್ನು ಈ ದ್ರಾವಣದ ಪಾತ್ರೆಗೆ ಓರೆಯಾಗಿ ಇಳಿಸಿ. ಪುಡಿ ಬಿದ್ದರೂ ಹಿಂಬದಿಗೆ ಬೀಳಲಿ. ಮುಚ್ಚಳ ಹಾಕಿ ಪಾತ್ರೆಯನ್ನು ಬಿಸಿನೀರಿನ ತೊಟ್ಟಿಯಲ್ಲಿಟ್ಟು 90 ಡಿಗ್ರಿಯಲ್ಲಿ ಎರಡು ಮೂರು ಗಂಟೆ. ಹೆಕ್ಸಮೀನ್ ಆ ಕಾವಿಗೆ ಮೆಲ್ಲಗೆ ಒಡೆದು ಅಮೋನಿಯಾ ಬಿಡುತ್ತದೆ, ಆ ನಿಧಾನವೇ ನಮಗೆ ಬೇಕಾದದ್ದು. ಬೇಗ ಆಗಲೆಂದು ಕಣ್ಣಳತೆಯಲ್ಲಿ ಅಮೋನಿಯಾ ಸುರಿದರೆ ಮತ್ತೆ ಹಾಲು. ಕೊನೆಕೊನೆಗೆ ತುಸು ಮಬ್ಬಾದರೆ ಚಿಂತೆಯಿಲ್ಲ. ಹೆಕ್ಸಮೀನ್ ಒಡೆದಾಗ ಅಮೋನಿಯಾ ಜೊತೆಗೆ ವಿಷಕಾರಿ ಫಾರ್ಮಾಲ್ಡಿಹೈಡ್ ಕೂಡ ಹೊರಬರುವುದರಿಂದ ಫ್ಯೂಮ್ ಹುಡ್ (ಹೊಗೆಯನ್ನು ಹೊರಗೆಳೆಯುವ ಗೂಡು) ಇಲ್ಲದೆ ಕೈಹಾಕಬೇಡಿ.

ಇಷ್ಟಾದರೂ ಸಿಗುವುದು ಒತ್ತಾಗಿ ನಿಂತ ಆರುಮುಖದ ಕಡ್ಡಿಗಳು, ಅಖಂಡ ಪದರವಲ್ಲ. ಸಂದು ಮುಚ್ಚಬೇಕಾದರೆ ಟ್ರೈಸೋಡಿಯಂ ಸಿಟ್ರೇಟ್ ಬೇಕು: ಕಡ್ಡಿಯ ತುದಿಗೆ ಅಂಟಿಕೊಂಡು ಉದ್ದ ಬೆಳೆಯದಂತೆ ತಡೆಯುತ್ತದೆ, ಹರಳು ಅಡ್ಡಕ್ಕೆ ಹರಡುತ್ತದೆ. ಅದರ ಡೈಹೈಡ್ರೇಟ್ 0.74 ಗ್ರಾಂ ತೆಗೆದು 100 ಮಿಲಿ ನೀರಿನಲ್ಲಿ ಕರಗಿಸಿಟ್ಟುಕೊಂಡು, ಅದರಿಂದ 1 ಮಿಲಿ ಮಾತ್ರ ಬೆಳೆಸುವ ದ್ರಾವಣಕ್ಕೆ ಸೇರಿಸಿ ನೋಡಿ. ಹೆಚ್ಚಾದರೆ ಬೆಳವಣಿಗೆಯೇ ನಿಲ್ಲುತ್ತದೆ.

ತೊಳೆದು ಒಣಗಿಸಿ ಸೆಲೋಟೇಪ್ ಅಂಟಿಸಿ ಕೀಳಿ. ಟೇಪಿಗೆ ಬಿಳಿ ಹತ್ತದಿದ್ದರೆ ಹಿಡಿದಿದೆ ಎಂದರ್ಥ. ದಪ್ಪ ಬೇಕಾದರೆ ಹಳೆಯ ದ್ರಾವಣದಲ್ಲೇ ರಾತ್ರಿಯಿಡೀ ಬಿಡಬೇಡಿ, ಅದರ ಸತು ಅಷ್ಟರಲ್ಲಿ ಮುಗಿದಿರುತ್ತದೆ. ಹೊಸ ದ್ರಾವಣಕ್ಕೆ ಹಾಕಿ. ಉಳಿದದ್ದನ್ನು ಚರಂಡಿಗೆ ಚೆಲ್ಲದೆ ರಾಸಾಯನಿಕ ತ್ಯಾಜ್ಯದ ಬಾಟಲಿಗೆ ಸುರಿಯಿರಿ, ಸತು ಮೀನಿಗೆ ವಿಷ.